ಅಕ್ಕ ಬಿಟ್ಟ ಟೀ

ಅಕ್ಕನ ಬಲಗೈ ತೋರುಬೆರಳ ತುದಿ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಗಟ್ಟಿಯಾಗಿ ಹೋಗಿತ್ತು. ಟೀಯನ್ನು ಲೋಟಕ್ಕೆ ಸೋಸಿದ ಕೂಡಲೇ ಆ ಬೆರಳನ್ನು ಲೋಟಕ್ಕೆ ಒತ್ತಿ ಹಿಡಿದು, "ಈಗ್ಲೇ ಬ್ಯಾಡ, ನಾಲಗೆ ಸುಟ್ಕೊಂಬುಡ್ತೀಯ" ಎನ್ನುವಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿ ನೋಡಿ, "ಹ್ಞೂಂ, ಈಗ ಕುಡಿ" ಎನ್ನುವಳು. ನಾನು ಮೂವತ್ತೆಂಟು ವರ್ಷದ ಟೀಚರು, ಇಬ್ಬರು ಮಕ್ಕಳ ತಾಯಿ. ಶಾಲೆಯಲ್ಲಿ ಎಲ್ಲರಿಗೂ ಅಪ್ಪಣೆ ಕೊಡುವವಳು ಇಲ್ಲಿ ಅಪ್ಪಣೆಗಾಗಿ ಕಾಯುತ್ತ ನಿಂತಿರುತ್ತಿದ್ದೆ.

ಹಿಂದೂಪುರದಲ್ಲಿ ನಮ್ಮ ಬಾಡಿಗೆ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಗೋಡೆ. ಬೀದಿಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಹೊಲಿಗೆಯಾಗುತ್ತಿದ್ದವು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಅಂದೆ. ಬೆಳಿಗ್ಗೆ ಆರಕ್ಕೆಲ್ಲ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ ಟೀಗೆ ಇಡುವಳು. ಶುಂಠಿ ಜಜ್ಜಿ ಹಾಕಿ, ಎರಡು ಸಲ ಉಕ್ಕಿಸಿ ಇಳಿಸಿ, ಮೊದಲ ಲೋಟದಿಂದ ಒಂದು ಗುಟುಕಿನಷ್ಟನ್ನು ಬಾಗಿಲ ಮುಂದಿನ ನೆಲಕ್ಕೆ ಚೆಲ್ಲುವಳು. ಅದು ಭೂಮಿತಾಯಿಗೆ. ಆಮೇಲೆ ಗೋಡೆಯ ಮೇಲೆ ನನ್ನ ಲೋಟ ಬರುತ್ತಿತ್ತು. ಅರ್ಧ ಲೋಟ ಖಾಲಿಯಾಗುವ ತನಕ ಮಾತಾಡುವ ಹಾಗಿರಲಿಲ್ಲ. ನಾನು ಬಾಯಿ ತೆಗೆದರೆ ಕಣ್ಣು ಬಿಡುವಳು.

"ಬಾಯಾಗೆ ಟೀ ಇರೋವಾಗ ಮಾತ್ಯಾಕೆ? ದಿನಾನೆಲ್ಲ ಮಾತಾಡೋದು ಇದ್ದೇ ಐತಲ್ಲ ಕಣಮ್ಮ."

ಟೀ ಕುಡಿಯದೆ ಅವಳು ಕತ್ತರಿ ಮುಟ್ಟುತ್ತಿರಲಿಲ್ಲ. "ಟೀ ಒಳಗೆ ಹೋಗ್ದೆ ಬಟ್ಟೆಗೆ ಕತ್ತರಿ ಹಾಕಿದ್ರೆ ಕಂಕುಳು ತಪ್ಪೋಯ್ತದೆ" ಎನ್ನುವಳು. ರವಿಕೆಯಲ್ಲಿ ಕಂಕುಳ ಸುತ್ತು ತಪ್ಪಿದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಅಷ್ಟೇ. ಧಾರಾವಾಹಿ, ಎಲೆ ಅಡಿಕೆ, ಒಡವೆ ಯಾವುದರ ಹುಚ್ಚೂ ಅವಳಿಗಿರಲಿಲ್ಲ. ದಿನಕ್ಕೆ ಆ ಒಂದು ಲೋಟ, ಅಷ್ಟೇ. ಎರಡನೆಯದನ್ನು ಯಾರು ಕೊಟ್ಟರೂ ಒಲ್ಲೆ ಅನ್ನುವಳು. "ಎಲ್ಡು ಕುಡಿದ್ರೆ ಮೊದಲ್ನೇದ್ರ ರುಚಿ ಮರ್ತೋಯ್ತದೆ." ನಾನು ನಗುತ್ತಿದ್ದೆ. ಶಾಲೆಯಲ್ಲಿ ನಾಲ್ಕು ಲೋಟ ಕುಡಿಯುವವಳಿಗೆ ಅದರ ಅರ್ಥ ಎಲ್ಲಿಂದ ಆಗಬೇಕು?

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ನನಗೆ ಬೇಸರ ಬಂತು. ನನ್ನ ಶಾಲೆಯಿರುವ ಗೋರಂಟ್ಲದ ಬಸ್ಸು ಏಳೂವರೆಗೆ, ಮಕ್ಕಳ ಡಬ್ಬಿ ಕಟ್ಟಬೇಕು, ಅದಕ್ಕೇ ಪುರುಸೊತ್ತಿಲ್ಲ ಎಂದು ಗಂಡನ ಹತ್ತಿರ ಹೇಳಿದೆ. ಅದೂ ಪೂರ್ತಿ ನಿಜವಲ್ಲ. ಬೆಳಗಿನ ಆ ಅರ್ಧ ಗಂಟೆ ಹಾಸಿಗೆಯಲ್ಲೇ ಬಿದ್ದುಕೊಂಡು ಫೋನು ನೋಡಬೇಕೆಂದು ನನಗೆ ಆಸೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಶಾಲೆ ಶುರುವಾದ ವಾರ ಗೋಡೆಯ ಹತ್ತಿರ ನಿಂತು, "ಅಕ್ಕಾ, ಹೊಟ್ಟೇಲಿ ಹುಣ್ಣಾಗಿದೆಯಂತೆ. ಟೀ ಮುಟ್ಲೇಬಾರ್ದು ಅಂದ್ರು ಡಾಕ್ಟ್ರು" ಎಂದುಬಿಟ್ಟೆ.

ಅಕ್ಕನ ಮುಖ ಸಣ್ಣದಾಯಿತು. "ಅಯ್ಯೋ ಶಿವನೇ, ಒಂದ್ ಲೋಟ ಟೀನೂ ಇಲ್ವಾ?" ಎಂದಳು. ನನ್ನ ಹೊಟ್ಟೆಗಿಂತ ಹೆಚ್ಚಾಗಿ ಆ ಲೋಟಕ್ಕೇ ಮರುಗಿದಳೆಂದು ನನಗೆ ಒಳಗೊಳಗೇ ನಗು ಬಂತು.

ಮಾರನೆಯ ದಿನ ಹಾಯಾಗಿ ಮಲಗಿದ್ದೆ. ಆರೂ ಹತ್ತಕ್ಕೆ ಗೋಡೆಯಾಚೆಯಿಂದ ಕೂಗು. ಜೀರಿಗೆ ಕುದಿಸಿದ ನೀರು ಹಿಡಿದು ನಿಂತಿದ್ದಳು. "ಹುಣ್ಣಿಗೆ ತಂಪು ಕಣಮ್ಮ. ಬಿಸಿ ಇರೋವಾಗ್ಲೇ ಕುಡ್ದುಬುಡು." ಸುಳ್ಳಿಗೆ ತಕ್ಕ ಶಾಸ್ತಿ. ಟೀ ತಪ್ಪಿತು, ಎದ್ದು ಬರುವುದು ತಪ್ಪಲಿಲ್ಲ. ಅವಳ ಕೈಯಲ್ಲೂ ಜೀರಿಗೆ ನೀರಿನದೇ ಲೋಟ. ತನ್ನ ಟೀಯನ್ನು ಮೊದಲೇ ಮುಗಿಸಿ, ನನಗೆ ಜೊತೆಯಾಗಲೆಂದು ಇದನ್ನು ಕುಡಿಯುತ್ತಾಳೆ ಅಂದುಕೊಂಡೆ. ವಾರ ಕಳೆದ ಮೇಲೆ ಲೋಟವನ್ನು ಗೋಡೆಯ ಮೇಲೆ ಮುಚ್ಚಿಟ್ಟು, ನನ್ನನ್ನು ಎಬ್ಬಿಸದೆ ಹೋಗತೊಡಗಿದಳು. ನನಗೆ ಬೇಕಾಗಿದ್ದ ಅರ್ಧ ಗಂಟೆ ಸಿಕ್ಕಿತು.

ದಸರಾಕ್ಕೆ ಸ್ವಲ್ಪ ಮುಂಚೆ ಅವಳು ಲೈನಿಂಗ್ ಬಟ್ಟೆ ತರಲು ಗೋರಂಟ್ಲಕ್ಕೆ ಬಂದಿದ್ದಳು. ಶಾಲೆ ಬಿಟ್ಟು ಬಂದ ನಾನು ಬಸ್ ಸ್ಟ್ಯಾಂಡಿನ ಅಂಗಡಿ ಮುಂದೆ ಟೀ ಕುಡಿಯುತ್ತಿದ್ದೆ. ತಲೆ ಎತ್ತಿದರೆ ಹತ್ತು ಹೆಜ್ಜೆ ದೂರದಲ್ಲಿ ಅಕ್ಕ. ಅವಳು ಬಟ್ಟೆಯ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ನೋಡಲೇ ಇಲ್ಲವೆನ್ನುವ ಹಾಗೆ ಹಿಂದೂಪುರದ ಬಸ್ಸು ಹತ್ತಿಬಿಟ್ಟಳು.

ಮಾರನೆಯ ಬೆಳಿಗ್ಗೆ ನಾನೇ ಎದ್ದು ಗೋಡೆಯ ಹತ್ತಿರ ಹೋಗಿ ನಿಂತೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ.

"ಒಂದೊಂದಿನ ನಾಲಗೆ ಕೇಳಲ್ಲ ಕಣಮ್ಮ" ಅಂದಳು. "ನಿನ್ ತಪ್ಪೇನೈತೆ? ಎದ್ರುಕೋಬ್ಯಾಡ. ನಾನು ಬುಟ್ಟಿದೀನಲ್ಲ, ಆ ದೇವ್ರು ನೋಡ್ಕೊತಾನೆ."

"ಏನು ಬಿಟ್ಟಿದ್ದೀಯ ಅಕ್ಕಾ?"

"ಟೀ. ಇನ್ನೇನು ಬುಡ್ಲಿ? ನಂಗಿರೋದೇ ಅದೊಂದು."

ಕಲ್ಯಾಣದುರ್ಗದ ಹತ್ತಿರ ಅವರ ಮನೆದೇವರ ಗುಡಿ. ನನ್ನ ಮಾತು ಕೇಳಿದ ದಿನವೇ ಟೀ ಬಿಟ್ಟು, ಶ್ರಾವಣ ಸೋಮವಾರ ಅಲ್ಲಿಗೆ ಹೋದಾಗ ನನ್ನ ಹುಣ್ಣಿಗಾಗಿ ಹರಕೆ ಹೊತ್ತಿದ್ದಳು. "ನಮ್ಮೋರಲ್ಲಿ ಹಂಗೇ ಕಣಮ್ಮ. ಮನೆಯೋರಿಗೆ ಕಾಯ್ಲೆ ಆದ್ರೆ, ನಾಲಗೆಗೆ ಇಷ್ಟವಾದ್ದನ್ನ ದೇವ್ರ ಮುಂದೆ ಬುಟ್ಬುಡೋದು. ವಾಸಿ ಆದೋರು ಅಲ್ಲಿಗೆ ಬಂದು, ಕಾಯಿ ಒಡ್ಸಿ, ನಂಗೆ ವಾಸಿ ಆಯ್ತು ಅಂತ ಬಾಯ್ಬುಟ್ಟು ಹೇಳ್ಬೇಕು. ಆಮ್ಯಾಕೆ ನಾನು ಕುಡೀಬೋದು."

ಮನೆಯೋರು ಅಂದಳು. ಆಗಲೇ ಹೇಳಬೇಕಾಗಿತ್ತು. ನನಗೆ ಹುಣ್ಣೂ ಇಲ್ಲ, ಮಣ್ಣೂ ಇಲ್ಲ, ಸುಳ್ಳು ಹೇಳಿದೆ ಅಕ್ಕಾ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಅಂದದ್ದು, "ಬರೋ ತಿಂಗ್ಳು ಹೋಗೋಣ ಅಕ್ಕಾ" ಎಂದು.

ಬರುವ ತಿಂಗಳು ಪರೀಕ್ಷೆ ಬಂತು. ಅದರಾಚೆಯ ತಿಂಗಳು ಮಗನಿಗೆ ಜ್ವರ. ಸಂಕ್ರಾಂತಿಗೆ ಅತ್ತೆ ಬಂದರು. ಕಲ್ಯಾಣದುರ್ಗವೇನು ಕಾಶಿಯೇ, ಒಂದು ಭಾನುವಾರ ಸಾಕಾಗಿತ್ತು. ಆದರೆ ದೇವರ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕೆಂದಾಗ ನಾಲಗೆ ಹಿಂದೆ ಸರಿಯುತ್ತಿತ್ತು. ಇನ್ನೂ ಒಂದು ಮಾತಿದೆ. ವಾಸಿಯಾಯಿತು ಅಂದರೆ ಮತ್ತೆ ಆರು ಗಂಟೆಗೆ ಎದ್ದು ಗೋಡೆಯ ಹತ್ತಿರ ನಿಲ್ಲಬೇಕಲ್ಲ ಎಂಬ ಲೆಕ್ಕಾಚಾರವೂ ನನ್ನೊಳಗಿತ್ತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಗೋಡೆಯಾಚೆ ಜೋರು ದನಿ. ಮದುಮಗಳೊಬ್ಬಳ ರವಿಕೆಯ ಕಂಕುಳು ತಪ್ಪಿತ್ತು. "ಏಮಕ್ಕಾ ಇದಿ? ಚೆಯ್ಯಿ ಪೈಕಿ ಲೇವಟಂ ಲೇದು!" ಎಂದು ಹುಡುಗಿಯ ತಾಯಿ ತೆಲುಗಿನಲ್ಲಿ ಕೂಗಾಡುತ್ತಿದ್ದಳು. ಕೈ ಮೇಲೆತ್ತಲೂ ಆಗದ ರವಿಕೆಯನ್ನು ಅಕ್ಕನ ಮಡಿಲಿಗೆ ಎಸೆದು ಹೋದಳು. ಅಕ್ಕ ಹೊಲಿಗೆ ಬಿಚ್ಚುತ್ತ ಕೂತಳು. ನಾನು ನಮ್ಮ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡೆ.

ಶಿವರಾತ್ರಿಗೆಂದು ಅಕ್ಕ ಕಲ್ಯಾಣದುರ್ಗದ ತಂಗಿಯ ಮನೆಗೆ ಹೋದಳು. ಹೊರಡುವಾಗ, "ಜೀರಿಗೆ ನೀನೇ ಕುದಿಸ್ಕೋ, ಸೋಮಾರಿತನ ಮಾಡ್ಬ್ಯಾಡ. ನಾಕು ದಿನಕ್ಕೆ ಬತ್ತೀನಿ" ಅಂದಳು. ನಾಲ್ಕು ದಿನ ಹತ್ತಾಯಿತು. ಅಕ್ಕ ಜ್ವರ ಬಂದು ಮಲಗಿದ್ದಾಳೆ, ನಿಮ್ಮನ್ನು ಕೇಳುತ್ತಾಳೆ ಎಂದು ಗುರುವಾರ ತಂಗಿ ಫೋನು ಮಾಡಿದಳು. ಉತ್ತರಪತ್ರಿಕೆಗಳ ಕಟ್ಟು ಮುಂದಿತ್ತು. ಭಾನುವಾರ ಬರುತ್ತೇನೆ ಅಂದೆ.

ಭಾನುವಾರ ಹೋದೆ. ಚೀಲದಲ್ಲಿ ತೆಂಗಿನಕಾಯಿ ಇತ್ತು. ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ, ಈ ಸಲ ನಿಜವನ್ನೇ. ಆಟೋ ಇಳಿದಾಗ ಮನೆಯ ಮುಂದೆ ಶಾಮಿಯಾನ ಬಿಚ್ಚುತ್ತಿದ್ದರು. ಶನಿವಾರ ಬೆಳಗಿನ ಜಾವ ಹೋಗಿದ್ದಳು. ಸಂಜೆಯೇ ಮಣ್ಣು ಮಾಡಿ ಬಂದಿದ್ದರು.

ತಂಗಿ ನನ್ನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡಳು. "ಕಡೇ ಎಲ್ಡು ದಿನ ಅನ್ನ ನೀರು ಸೇರ್ಲಿಲ್ಲಮ್ಮ. ಟೀ ಅಂದ್ರೆ ಪ್ರಾಣ ಅಲ್ವಾ, ಚಮಚದಾಗೆ ಹಿಡಿದೆ. ಬಾಯಿ ಮುಚ್ಕೊಂಬುಟ್ಲು. ಟೀಚರಮ್ಮಂಗೆ ಇನ್ನೂ ವಾಸಿ ಆಗಿಲ್ಲ, ಬ್ಯಾಡ ಅಂದ್ಲು." ಸೆರಗಿನಿಂದ ಮೂಗು ಒರೆಸಿಕೊಂಡು, ನಿಜವಾದ ಕಾಳಜಿಯಿಂದ ಕೇಳಿದಳು, "ಈಗ ನಿಮ್ ಹೊಟ್ಟೆ ಹೆಂಗೈತಮ್ಮ?"

ಹೇಳಿಬಿಟ್ಟೆ. ಸುಳ್ಳು, ಫೋನು, ಮುಂದೂಡಿದ ಭಾನುವಾರಗಳು, ಯಾವುದನ್ನೂ ಮುಚ್ಚಿಡಲಿಲ್ಲ. ಎದ್ದು ಹೋಗು ಅನ್ನುತ್ತಾಳೆಂದು ಕಾದೆ. ಅವಳು ಚಾಪೆಯ ಅಂಚಿನಲ್ಲಿ ಬಿಟ್ಟುಕೊಂಡಿದ್ದ ಎಳೆಯೊಂದನ್ನು ಒಳಗೆ ಸೇರಿಸಿದಳು.

"ಯೋಳಿದ್ರೆ ಅಕ್ಕ ಬೈತಿರ್ಲಿಲ್ಲಮ್ಮ" ಅಂದಳು. "ನಕ್ಕುಬುಟ್ಟು, ಒಲೆ ಮ್ಯಾಗೆ ಟೀಗೆ ಇಡ್ತಿದ್ಲು."

ಅದು ನನಗೂ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.