ಇವತ್ತು ಬೆಳಿಗ್ಗೆ ಮಾಡಿದ್ದು

ಜೋಸೆತ್ ವೊತ್ರನ್ ತನ್ನ ಜೀವಮಾನದಲ್ಲಿ ಮಾರಿದ ಮಕರೋನ್ ಎಂಬ ಬಾದಾಮಿ ಬಿಸ್ಕತ್ತುಗಳಿಗೆ ಲೆಕ್ಕವಿಲ್ಲ. ಮಾಡಿದ್ದು ಮಾತ್ರ ಒಂದೂ ಇಲ್ಲ. ಎಪಿನಾಲ್‌ನಲ್ಲಿ ಹೊಳೆಯ ಸೇತುವೆ ದಾಟಿದ ಕೂಡಲೇ ಸಿಗುತ್ತಿದ್ದ ಲರ್ಮಿತ್ ಸಾಹುಕಾರನ ಸಿಹಿತಿಂಡಿ ಅಂಗಡಿಯಲ್ಲಿ ಮದುವೆಯಾದ ಮರುವರ್ಷ ಕೌಂಟರಿನ ಹಿಂದೆ ನಿಂತವಳು, ಮಂಡಿಚಿಪ್ಪು ಸವೆದು ಡಾಕ್ಟರು ಬೈದ ಮೇಲೆಯೇ ಕೂತದ್ದು. ಅಷ್ಟೂ ವರ್ಷ ಅವಳ ಕೈಯಲ್ಲಿದ್ದದ್ದು ಒಂದು ಇಕ್ಕಳ. ಗಾಜಿನ ಕೆಳಗಿಂದ ಒಂದೊಂದೇ ಬಿಸ್ಕತ್ತನ್ನು ಬಿರುಕು ಬಿಡದ ಹಾಗೆ ಎತ್ತಿ ಡಬ್ಬಿಗೆ ಇಳಿಸಿ, ರಿಬ್ಬನ್ ಕಟ್ಟಿ, ಕತ್ತರಿಯ ಅಲಗಿನಿಂದ ಅದರ ತುದಿಯನ್ನು ಸರ್ರನೆ ಎಳೆದು ಸುರುಳಿ ಮಾಡಿ ಕೊಡುವುದರಲ್ಲಿ ಅವಳನ್ನು ಮೀರಿಸುವವರು ನಮ್ಮೂರಲ್ಲಿ ಇರಲಿಲ್ಲ.

ಆದರೆ ಒಳಗಿನ ಅಡುಗೆಕೋಣೆಗೆ ಅವಳಿಗೆ ಪ್ರವೇಶವಿರಲಿಲ್ಲ. ಅದು ಲರ್ಮಿತ್‌ನ ಕಟ್ಟಪ್ಪಣೆ. ಮಾಡುವವರು ಒಳಗೆ, ಮಾರುವವರು ಹೊರಗೆ. ನಡುವೆ ಗೋಡೆಯಲ್ಲಿ ಒಂದು ಕಿಂಡಿ. ಬೆಳಿಗ್ಗೆ ಅದರಿಂದ ತಟ್ಟೆಗಳು ಹೊರಗೆ ಬರುತ್ತಿದ್ದವು, ಸಂಜೆ ಅದರಿಂದಲೇ ಖಾಲಿ ತಟ್ಟೆಗಳು ಒಳಗೆ ಹೋಗುತ್ತಿದ್ದವು. ಗಿರಾಕಿ ಯಾರಾದರೂ 'ಇದು ಯಾವಾಗಿನದು?' ಎಂದು ಕೇಳಿದರೆ, 'ಇವತ್ತು ಬೆಳಿಗ್ಗೆ ಮಾಡಿದ್ದು, ಮದಾಮ್' ಎನ್ನಬೇಕು. ಇದನ್ನೂ ಲರ್ಮಿತ್‌ನೇ ಮೊದಲ ದಿನ ಕಲಿಸಿಕೊಟ್ಟಿದ್ದ. ತಟ್ಟೆ ಬೆಳಿಗ್ಗೆಯೇ ಬರುತ್ತಿತ್ತಲ್ಲ, ಜೋಸೆತ್‌ಗೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಕೊನೆಕೊನೆಗೆ ಯಾರೂ ಕೇಳದಿದ್ದರೂ ಅವಳೇ ಹೇಳಿಬಿಡುತ್ತಿದ್ದಳು.

ಶನಿವಾರ ಸಂಜೆ ಒಡೆದ ಚೂರುಗಳನ್ನು ಒಂದು ಕಾಗದದ ಚೀಲಕ್ಕೆ ಸುರಿದು ಅವಳಿಗೆ ಕೊಡುತ್ತಿದ್ದರು. ಲಾರಿ ಓಡಿಸುತ್ತಿದ್ದ ಗಂಡ ಸ್ಟ್ರಾಸ್‌ಬೂರ್ಗಿನ ಕಡೆ ಒಬ್ಬಳ ಹಿಂದೆ ಬಿದ್ದು ಹೋದವನು ವಾಪಸ್ಸು ಬರಲಿಲ್ಲ. ಮಗಳು ಪೆರಿನ್ ಆ ಚೂರುಗಳನ್ನು ತಿಂದೇ ಬೆಳೆದಳು. ಬೆಳೆದು, ಓದಿ, ನಾನ್ಸಿ ನಗರದಲ್ಲಿ ವಕೀಲರ ಕಚೇರಿ ಸೇರಿ, ಹಲ್ಲಿನ ಡಾಕ್ಟರೊಬ್ಬರ ಮಗ ತ್ರಿಸ್ತಾನ್‌ನನ್ನು ಮೆಚ್ಚಿಕೊಂಡಳು. ಮದುವೆಗೆ ಮೊದಲು ಬೀಗರು ಬೀಗರು ಒಂದು ಭಾನುವಾರ ಹುಡುಗಿಯ ಮನೆಯಲ್ಲಿ ಕೂತು ಉಣ್ಣಬೇಕಲ್ಲ. ಆ ಊಟದ ವಿಷಯಕ್ಕೆ ವಾರದ ಮೊದಲಲ್ಲಿ ಮಗಳ ಫೋನು ಬಂತು.

"ಅಮ್ಮಾ, ಊಟದ ಕೊನೆಗೆ ಮಕರೋನ್ ಇರ್ಲಿ."

"ಇರ್ಲಿ ಅದಕ್ಕೇನು. ಶನಿವಾರ ಹೋಗಿ ತರ್ತೀನಿ."

"ತರೋದಲ್ಲ. ನೀನೇ ಮಾಡ್ಬೇಕು."

ಜೋಸೆತ್ ನಕ್ಕುಬಿಟ್ಟಳು. "ನಾನಾ? ನಂಗೆಲ್ಲಿ ಬರುತ್ತೆ ಕಣೇ?"

ಪೆರಿನ್ ದನಿ ತಗ್ಗಿಸಿದಳು. "ಅವರ ಮನೇಲಿ ನೀನು ಏನು ಕೆಲಸ ಮಾಡ್ತಿದ್ದೆ ಅಂತ ಕೇಳಿದ್ರು. ಲರ್ಮಿತ್ ಅಂಗಡೀಲಿ ಒಳಗಿದ್ರು ಅಂತ ಹೇಳ್ಬಿಟ್ಟಿದೀನಿ."

"ಒಳಗೆ ಅಂದ್ರೆ?"

"ಒಳಗೆ ಅಂದ್ರೆ ಒಳಗೆ. ಓವನ್ ಹತ್ರ. ಸಿಹಿ ಮಾಡೋರ ಜೊತೆ." ಉಸಿರು ಎಳೆದುಕೊಂಡು ಮುಂದುವರಿಸಿದಳು. "ಅವರು ಅದನ್ನೇ ನಂಬ್ಕೊಂಡಿದಾರೆ. ಒಂದಿನದ ಮಟ್ಟಿಗೆ ಅಮ್ಮಾ. ನನ್ನ ಮರ್ಯಾದೆ ನಿನ್ನ ಕೈಲಿದೆ."

ಮರ್ಯಾದೆಯ ಮಾತು ಬಂದ ಮೇಲೆ ತಾಯಿಯಾದವಳು ಏನು ಹೇಳಬೇಕು? ಮಾರುವ ಕೆಲಸದಲ್ಲಿ ಮರ್ಯಾದೆಗೆ ಕಮ್ಮಿ ಏನಿತ್ತು ಎಂದು ಕೇಳಬಹುದಿತ್ತು. ಕೇಳಬೇಕಿತ್ತು ಕೂಡ. ಅದೇ ಕೌಂಟರಿನ ಸಂಬಳದಲ್ಲಿ ಈ ಹುಡುಗಿ ವಕೀಲರ ಕಚೇರಿ ಮುಟ್ಟಿದ್ದು. ಜೋಸೆತ್ ಕೇಳಲಿಲ್ಲ. "ಆಯ್ತು, ನೋಡ್ತೀನಿ" ಎಂದು ಫೋನಿಟ್ಟಳು.

ಮಾರನೆಯ ದಿನವೇ ಬಾದಾಮಿ ಪುಡಿ, ಸಣ್ಣ ಸಕ್ಕರೆ, ಪಿಸ್ತಾ ತಂದಳು. ಮೊಟ್ಟೆ ಒಡೆದು ಹಳದಿ ಬೇರೆ, ಬಿಳಿ ಬೇರೆ ಮಾಡಿದಳು. ಬಿಳಿಯನ್ನು ನೊರೆ ಬರುವಂತೆ ಕಡೆದು, ಬೋಗುಣಿ ತಲೆಕೆಳಗು ಮಾಡಿದರೂ ಬೀಳದಷ್ಟು ಗಟ್ಟಿ ಮಾಡಿದಳು. ಅಲ್ಲಿಯವರೆಗೆ ಎಲ್ಲ ಸಸೂತ್ರ. ಬಾದಾಮಿ ಸೇರಿಸಿ ಕಲಸುವಾಗ ಕೈ ಸೋತಿತು. ಕಡಿಮೆ ಕಲಸಿದರೆ ಹಿಟ್ಟು ಮೊಂಡು, ಹೆಚ್ಚು ಕಲಸಿದರೆ ಗಂಜಿ. ಮೊದಲ ಸಲ ಗಂಜಿಯೇ ಆಯಿತು. ಬಟರ್ ಪೇಪರಿನ ಮೇಲೆ ಹಿಂಡಿದ ಬಿಲ್ಲೆಗಳು ಒಂದಕ್ಕೊಂದು ಹರಿದು ಕೂಡಿಕೊಂಡು ದೊಡ್ಡದೊಂದು ಹಸಿರು ರೊಟ್ಟಿಯಾದವು. ಎರಡನೆಯ ಸಲ ಬಿಲ್ಲೆಗಳು ದುಂಡಗೆ ನಿಂತವು. ಆದರೆ ಗಾಜಿನ ಕೆಳಗಿನ ಸಾಲನ್ನು ದಿನವಿಡೀ ನೋಡಿದ ಕಣ್ಣಿಗೆ ತಡೆಯಲಾದೀತೇ? ಓವನ್ನಿನ ಬಾಗಿಲು ತೆಗೆದು ತೆಗೆದು ನೋಡಿದಳು. ತಣ್ಣನೆ ಗಾಳಿ ನುಗ್ಗಿ ಅಷ್ಟೂ ಬಿಲ್ಲೆಗಳ ನೆತ್ತಿ ಬಿರಿಯಿತು.

ಯಾವುದು ಚೆಂದ, ಯಾವುದು ಕುರೂಪ ಎಂದು ದೂರದಿಂದಲೇ ಹೇಳಬಲ್ಲವಳು. ಅದು ಹೇಗೆ ಚೆಂದವಾಗುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ಹೀಗೆ ಸೋತಾಗಲೆಲ್ಲ ಲರ್ಮಿತ್‌ನ ಮೇಲೆ ಸಿಟ್ಟು ಬರುತ್ತಿತ್ತು. ಒಂದು ದಿನ, ಒಂದೇ ಒಂದು ದಿನ ಒಳಗೆ ಬಂದು ನೋಡು ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಶನಿವಾರ ಮಧ್ಯಾಹ್ನ ಮಕರೋನ್ ಎದ್ದವು. ಹಿಂಡಿದ ಬಿಲ್ಲೆಗಳನ್ನು ಮುಟ್ಟಿದರೆ ಬೆರಳಿಗೆ ಅಂಟದಷ್ಟು ಆರಲು ಬಿಟ್ಟಿದ್ದಳು, ಓವನ್ ಮುಚ್ಚಿ ಅಡುಗೆಮನೆಯಿಂದಲೇ ಹೊರಗೆ ಹೋಗಿ ನಿಂತಿದ್ದಳು. ಬಂದು ತೆಗೆದರೆ ನೆತ್ತಿ ನುಣುಪು, ಬುಡದಲ್ಲಿ ಜಾಲರಿಯಂಥ ಅಂಚು. ಎರಡು ಬಿಲ್ಲೆಗಳ ನಡುವೆ ಪಿಸ್ತಾ ಕ್ರೀಮು ಹಚ್ಚಿ ಜೋಡಿಸಿದಾಗ ಜೋಸೆತ್‌ಗೆ ಅಳು ಬಂತು. ಕೌಂಟರಿನಲ್ಲಿ ಇಡಬಹುದಾದಂಥವು. ಒಂದನ್ನು ಕಚ್ಚಿ ನೋಡಿದಳು. ತುಸು ಗಟ್ಟಿ ಎನ್ನಿಸಿತು. ಓವನ್ ಹಳೆಯದು, ನಾಳೆ ಸ್ವಲ್ಪ ಮೊದಲೇ ತೆಗೆದರಾಯಿತು ಎಂದುಕೊಂಡಳು.

ನಾಳೆ ಯಾಕೆ ಎನ್ನುತ್ತೀರಾ? ಬೀಗರಿಗೆ ನಿನ್ನೆಯದನ್ನು ಬಡಿಸುವುದುಂಟೇ? ಅಷ್ಟು ವರ್ಷ ಬಾಯಿಪಾಠ ಮಾಡಿದ ಮಾತು ಸುಮ್ಮನೆ ಬಿಡುತ್ತದೆಯೇ? ಶನಿವಾರದ ಆ ಚೆಲುವೆಯರನ್ನೆಲ್ಲ ತಟ್ಟೆಯಲ್ಲಿ ತುಂಬಿ, ಕೆಳಗಿನ ಮನೆಯಲ್ಲಿ ಪಾರಿವಾಳ ಸಾಕಿಕೊಂಡಿದ್ದ ಮುದುಕ ಅಂಬೇರ್‌ನಿಗೆ ಕೊಟ್ಟು ಬಂದಳು. ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದು, ಮೊದಲಿಂದ ಮತ್ತೆ ಮಾಡಿದಳು. ಅವೂ ಚೆನ್ನಾಗಿಯೇ ಎದ್ದವು.

ಮಧ್ಯಾಹ್ನ ಬೀಗರು ಬಂದರು. ಹಲ್ಲಿನ ಡಾಕ್ಟರ್ ಕೊಲಿನೆ ದಪ್ಪ ಮೈಯ ನಗೆಮುಖದ ಮನುಷ್ಯ. ಅವರ ಹೆಂಡತಿ ಮದಾಮ್ ಕೊಲಿನೆ ತೆಳ್ಳಗೆ, ಕೈಯಲ್ಲಿ ಹೂಗೊಂಚಲು, ಒಳಗೆ ಕಾಲಿಟ್ಟಾಗಿನಿಂದ ಮನೆಯ ಪರದೆಯನ್ನೂ ಹೊಗಳಿದರು, ಕುರ್ಚಿಯನ್ನೂ ಹೊಗಳಿದರು. ಸಾಸಿವೆ ಹಚ್ಚಿ ಬೇಯಿಸಿದ ಮೊಲದ ಮಾಂಸ ಎರಡೆರಡು ಸಲ ಹಾಕಿಸಿಕೊಂಡರು. ಚೀಸಿನ ತಟ್ಟೆ ಹೋಗಿ ಮಕರೋನಿನ ತಟ್ಟೆ ಬಂತು. ಪೆರಿನ್ ಅದನ್ನು ನೋಡಿ ಬೆರಗಾದದ್ದು ಜೋಸೆತ್‌ಗೆ ಕಾಣಿಸಿತು. ಇಷ್ಟು ಚೆನ್ನಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಡಾಕ್ಟರು ಒಂದನ್ನು ತೆಗೆದು ಕಚ್ಚಿದರು. ಕಟಕ್ ಎಂದು ಸದ್ದಾಯಿತು. ಎಲ್ಲರಿಗೂ ಕೇಳಿಸಿತು.

"ಇಂಥವನ್ನ ಮನೆಮನೇಲೂ ಮಾಡಿದ್ರೆ ನನ್ನ ಆಸ್ಪತ್ರೆಗೆ..." ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಮೇಜಿನ ಕೆಳಗೆ ಹೆಂಡತಿಯ ಕಾಲು ಅವರ ಕಾಲಿಗೆ ತಗುಲಿರಬೇಕು. ತಕ್ಷಣ ರಾಗ ಬದಲಾಯಿತು. "ಕಸುಬಿನ ಕೈ ಅಂದ್ರೆ ಇದು, ಮದಾಮ್. ನೋಡಿದ್ರೇ ಗೊತ್ತಾಗುತ್ತೆ."

"ಗೊತ್ತಾಗಲ್ವೆ ಮತ್ತೆ?" ಎಂದರು ಮದಾಮ್ ಕೊಲಿನೆ.

"ಅಮ್ಮ ಕಣ್ಣು ಮುಚ್ಕೊಂಡೂ ಮಾಡ್ತಾಳೆ" ಎಂದಳು ಪೆರಿನ್. ತ್ರಿಸ್ತಾನ್ ತಟ್ಟೆಯ ಕಡೆ ನೋಡುತ್ತ ತಲೆಯಾಡಿಸಿದ.

ಹೊಗಳಿಕೆ ತೀರ ಹೆಚ್ಚಾಯಿತು. ಗಿರಾಕಿಗಳ ಮುಖ ನೋಡಿಯೇ ಬದುಕಿದವಳಿಗೆ, ಇಷ್ಟವಾಗಿ ಹೊಗಳುವುದು ಯಾವುದು, ಬೆಣ್ಣೆ ಹಚ್ಚುವುದು ಯಾವುದು ಎಂದು ತಿಳಿಯದೆ ಇರುತ್ತದೆಯೇ? ಚಿಕ್ಕ ಮಗು ಗೀಚಿದ ಚಿತ್ರವನ್ನು ಮನೆಯವರೆಲ್ಲ ಸೇರಿ ಹೊಗಳುತ್ತಾರಲ್ಲ, ಆ ಧಾಟಿ. ಜೋಸೆತ್ ತಾನೂ ಒಂದನ್ನು ಕಚ್ಚಿದಳು. ಒಣ ಹೆಂಚಿನ ಹಾಗೆ ಹಲ್ಲಿಗೆ ಸಿಕ್ಕಿತು. ಕಾಫಿ ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದಳು.

ಎಂಜಲು ತಟ್ಟೆಗಳನ್ನು ಹಿಡಿದುಕೊಂಡು ಮದಾಮ್ ಕೊಲಿನೆ ಹಿಂದೆಯೇ ಬಂದರು. ಬೇಡವೆಂದರೂ ಕೇಳದೆ ಅವನ್ನು ಸಿಂಕಿನಲ್ಲಿ ಇಟ್ಟು, ಅಡುಗೆಮನೆಯಲ್ಲೇ ಉಳಿದಿದ್ದ ಮಕರೋನ್‌ಗಳನ್ನು ನೋಡಿದರು.

"ಇವನ್ನ ಮುಚ್ಚಿ ಫ್ರಿಜ್ಜಲ್ಲಿ ಇಡಿ. ನಾಳೆ ನೋಡಿ, ಎಷ್ಟು ಮೆತ್ತಗಾಗಿರುತ್ತೆ. ಇವತ್ತು ಮಾಡಿದ್ದನ್ನ ಇವತ್ತೇ ತಿನ್ನಬಾರದು. ಕ್ರೀಮಿನ ತೇವ ಕುಡಿಯೋಕೆ ಒಂದು ದಿನ ಬೇಕು."

"ನಾಳೆಯಾ?" ಎಂದಳು ಜೋಸೆತ್.

"ಹೂಂ. ನಾನೂ ಮೊದಮೊದಲು ಹಾಗೇ ಕೆಡಿಸ್ತಿದ್ದೆ. ಅಂಗಡಿಯೋರು ಯಾರೂ ಅವತ್ತಿಂದು ಮಾರಲ್ಲ, ಹಿಂದಿನ ದಿನದ್ದೇ."

ಜೋಸೆತ್ ಒಲೆ ಆರಿಸಿದಳು. ಹಾಗಾದರೆ ಲರ್ಮಿತ್ ಹೇಳಿಸಿದ್ದು ಸುಳ್ಳು. ಊರಿಗೆ ಊರೇ ಆ ಸುಳ್ಳನ್ನು ಅವಳ ಬಾಯಿಂದ ಕೇಳಿದೆ. ಒಳಗಿದ್ದವರಿಗೆ ಗೊತ್ತು, ಗಿರಾಕಿಗಳಲ್ಲಿ ಮನೆಯಲ್ಲಿ ಮಾಡುವವರಿಗೆ ಗೊತ್ತು, ಗೊತ್ತಿಲ್ಲದೆ ನಿಂತಿದ್ದವಳು ಅವಳೊಬ್ಬಳೇ. ಇಷ್ಟು ವರ್ಷ ಬೇರೆಯವರ ಸುಳ್ಳು ಹೇಳಿದ್ದು ಸಾಲದೆಂದು ಇವತ್ತು ಮಗಳ ಸುಳ್ಳು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ನುಗ್ಗಿ ಅವಳು ಬಾಯಿ ಬಿಟ್ಟಳು.

"ಮದಾಮ್, ನಿಮಗೆ ಸುಳ್ಳು ಹೇಳಿ ಕಳಿಸೋಕೆ ನನಗೆ ಮನಸ್ಸಿಲ್ಲ. ನಾನು ಒಳಗೆ ಕೆಲಸ ಮಾಡಿದವಳಲ್ಲ. ಹೊರಗೆ ನಿಂತು ಮಾರ್ತಿದ್ದವಳು. ಇದನ್ನ ಮಾಡಿದ್ದು ಈ ವಾರವೇ ಮೊದಲು."

ಮದಾಮ್ ಕೊಲಿನೆ ಅಚ್ಚರಿಪಡಲಿಲ್ಲ. ಹತ್ತಿರ ಬಂದು ಅವಳ ತೋಳು ಹಿಡಿದರು. "ಗೊತ್ತು. ಯಾವಾಗ್ಲೋ ಗೊತ್ತು. ನನ್ನ ತಂಗಿಯನ್ನ ಕೊಟ್ಟಿರೋದು ಇದೇ ಊರಿಗೆ. ನೀವು ಅವಳಿಗೆ ಎಷ್ಟು ಸಲ ಡಬ್ಬಿ ಕಟ್ಟಿಕೊಟ್ಟಿದೀರೋ. ಅವಳು ಹೇಳಿದ ಮೇಲೆ ಕ್ರಿಸ್‌ಮಸ್ ಹೊತ್ತಿಗೆ ಪೆರಿನ್‌ನ ಕೇಳಿದ್ವಿ. ಪಾಪ, ಹುಡುಗಿ ಎಲ್ಲಾ ಹೇಳಿದ್ಲು."

"ಏನು ಹೇಳಿದ್ಲು?"

"ಅಮ್ಮನಿಗೆ ಹಾಗೆ ಹೇಳ್ಕೊಳ್ಳೋದು ಇಷ್ಟ ಅಂತ. ಮೊದಲಿಂದ ಎಲ್ಲರ ಹತ್ರ ಹಾಗೇ ಹೇಳ್ಕೊಂಡು ಬಂದಿದೀರಂತೆ. ತಾನೂ ಚಿಕ್ಕಂದಿನಲ್ಲಿ ನಂಬಿದ್ಳಂತೆ. ಅಮ್ಮನ ಮನಸ್ಸು ನೋಯಿಸ್ಬೇಡಿ, ನಂಬಿದ ಹಾಗೆ ಇದ್ಬಿಡಿ ಅಂತ ನನ್ನ ಕೈ ಹಿಡಿದು ಕೇಳ್ಕೊಂಡ್ಲು. ಎಷ್ಟು ಪ್ರೀತಿ ಅವಳಿಗೆ ನಿಮ್ಮ ಮೇಲೆ. ನೀವೇನೂ ಮುಜುಗರ ಪಟ್ಕೋಬೇಡಿ, ನಮಗೆ ಅದೆಲ್ಲ ಏನೂ ಅಲ್ಲ."

ಊಟದ ಕೋಣೆಯಿಂದ ಪೆರಿನ್ ನಗುವುದು ಕೇಳಿಸಿತು. ಜೋಸೆತ್‌ಗೆ ಎಲ್ಲ ಒಂದೊಂದಾಗಿ ಹೊಳೆಯಿತು. ಸಿಕ್ಕಿಬಿದ್ದಾಗ ಮಗಳು ತನ್ನ ಸುಳ್ಳನ್ನು ತಾಯಿಯ ತಲೆಗೆ ಕಟ್ಟಿ ತಾನು ಕೈ ತೊಳೆದುಕೊಂಡಿದ್ದಾಳೆ. ಕಟ್ಟಿದ್ದಷ್ಟೇ ಅಲ್ಲ, ಅದನ್ನು ಕರುಣೆ ಎಂದು ಬಡಿಸಿದ್ದಾಳೆ. ಆ ಕರುಣೆಗೆ ಸಾಕ್ಷಿ ಬೇಕೆಂದು ತಾಯಿಯ ಕೈಯಲ್ಲೇ ಮಕರೋನ್ ಮಾಡಿಸಿದ್ದಾಳೆ. ವಾರವೆಲ್ಲ ಮೊಟ್ಟೆ ಒಡೆದು, ಹಿಟ್ಟು ಕಲಸಿ, ನಿದ್ದೆ ಕೆಟ್ಟಿದ್ದು ಮಗಳ ಮರ್ಯಾದೆ ಉಳಿಸುವುದಕ್ಕೆ ಎಂದುಕೊಂಡಿದ್ದಳು. ಇವರ ಕಣ್ಣಿಗೆ ಅದು ಮುದುಕಿಯೊಬ್ಬಳ ಹುಚ್ಚು ಬಡಾಯಿ. ಅದಕ್ಕೇ ಪರದೆಯನ್ನೂ ಕುರ್ಚಿಯನ್ನೂ ಹೊಗಳಿದ್ದು.

ನಿಜ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಕೌಂಟರಿನಲ್ಲಿ ನಿಂತದ್ದಕ್ಕೆ ಅವಳು ಎಂದೂ ತಲೆ ತಗ್ಗಿಸಿದವಳಲ್ಲ, ಊರಲ್ಲಿ ಯಾರನ್ನು ಬೇಕಾದರೂ ಕೇಳಿ ಎನ್ನಬಹುದಿತ್ತು. ಆದರೆ ಆ ಮಾತು ಹೊರಗೆ ಬಿದ್ದರೆ ಪೆರಿನ್ ಈ ಹೆಂಗಸಿನ ಕಣ್ಣಲ್ಲಿ ಎರಡು ಸಲ ಸುಳ್ಳಿಯಾಗುತ್ತಾಳೆ. ಎರಡನೆಯದನ್ನು ಯಾವ ಅತ್ತೆಯೂ ಮರೆಯುವುದಿಲ್ಲ.

"ಹೌದು ಮದಾಮ್" ಎಂದಳು ಜೋಸೆತ್. "ಕೆಟ್ಟ ಚಟ ನನ್ನದು."

"ಇರ್ಲಿ ಬಿಡಿ. ಪೆರಿನ್‌ಗೆ ಹೇಳಲ್ಲ ನಾನು" ಎಂದು ಮದಾಮ್ ಕೊಲಿನೆ ಅವಳ ತೋಳು ತಟ್ಟಿ ಕಾಫಿ ಲೋಟಗಳನ್ನು ಎತ್ತಿಕೊಂಡರು.

ಸಂಜೆ ಬೀಗರು ಮೆಟ್ಟಿಲಿಳಿದರು. ಪೆರಿನ್ ಕಾರಿನವರೆಗೂ ಹೋದವಳು ಮರೆತ ಸ್ಕಾರ್ಫಿಗೆಂದು ವಾಪಸ್ಸು ಬಂದಳು. ಕೆನ್ನೆ ಕೆಂಪಗಾಗಿತ್ತು.

"ಪೂರಾ ನಂಬಿಬಿಟ್ರು ಅಮ್ಮಾ. ನಾನು ಹೇಳಿರ್ಲಿಲ್ವಾ? ಸುಮ್ನೆ ಹೆದರ್ತಿದ್ದೆ ನೀನು."

ಜೋಸೆತ್ ಸ್ಕಾರ್ಫನ್ನು ಗೂಟದಿಂದ ತೆಗೆದು ಅವಳ ಕೈಗೆ ಕೊಟ್ಟಳು. "ಅಡುಗೆಮನೇಲಿ ನಿನ್ನ ಅತ್ತೆ ಮಾತಾಡಿದ್ರು."

ಪೆರಿನ್‌ಳ ಕೈ ಸ್ಕಾರ್ಫಿನ ಮೇಲೆ ನಿಂತಿತು. "ಏನಂದ್ರು?"

"ಮಗಳಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ಅಂದ್ರು. ಕ್ರಿಸ್‌ಮಸ್ ಹೊತ್ತಿಗೆ ನೀನು ಕೇಳ್ಕೊಂಡಿದ್ದನ್ನೂ ಹೇಳಿದ್ರು."

ಕೆಳಗೆ ತ್ರಿಸ್ತಾನ್ ಕಾರಿನ ಹಾರ್ನು ಒತ್ತಿದ. ಮಗಳ ಮುಖದಲ್ಲಿ ಬಣ್ಣ ಹೋದದ್ದನ್ನು ಜೋಸೆತ್ ನೋಡಿದಳು. ತಪ್ಪಾಯ್ತು ಅಮ್ಮಾ ಎನ್ನುತ್ತಾಳೆ, ಅಳುತ್ತಾಳೆ, ಬೈದರೆ ಬೈಸಿಕೊಳ್ಳುತ್ತಾಳೆ, ಆಮೇಲೆ ಹೇಗೋ ಸರಿಹೋಗುತ್ತದೆ ಎಂದು ಆ ಹುಚ್ಚು ಹೆಂಗಸು ಆಗಲೂ ಕಾದಳು.

"ನೀನೇನಂದೆ?" ಎಂದು ಕೇಳಿದಳು ಪೆರಿನ್.

"ಹೌದು ಅಂದೆ."

ಪೆರಿನ್ ಹಿಡಿದಿದ್ದ ಉಸಿರನ್ನು ಬಿಟ್ಟಳು. ಮುಖಕ್ಕೆ ಬಣ್ಣ ಮರಳಿತು. ತಾಯಿಯ ಎರಡೂ ಕೆನ್ನೆಗೆ ಮುತ್ತಿಟ್ಟು, ಸ್ಕಾರ್ಫು ಸುತ್ತಿಕೊಂಡು, ಬೇಗಬೇಗ ಮೆಟ್ಟಿಲಿಳಿದಳು.