ಕಡೆಯ ಪಾಳಿಯ ನೀರು

ವಾಡಿಯ ನಮ್ಮ ಓಣಿಯಲ್ಲಿ ಪಾಳಿ ಎಂದರೆ ಪಾಳಿ. ಟ್ಯಾಂಕರಿನವರು ಫರಸಿ ಕಲ್ಲಿನ ಕಟ್ಟೆಯ ಮೇಲಿನ ಟಾಕಿ ತುಂಬಿಸಿ ಹೋಗುತ್ತಾರೆ. ಯಾರ ಕೊಡ ದೊಡ್ಡದೆಂದು ಜಗಳವಾದ ಮೇಲೆ ಟಾಕಿಯ ಎದುರು ಮನೆಯ ಖಾಲಾ ಮೊಬೈಲಿನಲ್ಲಿ ಅಲಾರಾಂ ಇಡತೊಡಗಿದರು. ಎಲ್ಲರಿಗೂ ಒಂದೇ ಅಳತೆಯ ಹೊತ್ತು, ಅಲಾರಾಂ ಹೊಡೆದರೆ ಪಾಳಿ ಮುಗಿಯಿತು. ಮೊದಲ ಪಾಳಿ ಖಾಲಾದು. ಓಣಿಯ ತುದಿಯ ನಮ್ಮ ಮನೆಯದು ಕಡೆಯದು.

ಟಾಕಿಯ ನಳ ಮುರಿದು ಬರೀ ತೂತು ಉಳಿದಿತ್ತು, ಅದಕ್ಕೊಂದು ಕಟ್ಟಿಗೆಯ ಬೂಚು. ಖಾಲಾ ಬೂಚು ಕಿತ್ತರೆ ನೀರು ದೂರ ಚಿಮ್ಮುತ್ತಿತ್ತು. ಅವ್ವ ಕಿತ್ತಾಗ ಕಟ್ಟೆಯ ಅಂಚಿಗೇ ಬೀಳುತ್ತಿತ್ತು. ಕೊಡ ತುಂಬುವ ಮೊದಲೇ ಅಲಾರಾಂ. ಅವ್ವ ಸುಮ್ಮನೆ ಅರೆಗೊಡ ಎತ್ತಿಕೊಳ್ಳುತ್ತಿದ್ದಳು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಶಹಾಬಾದಿಗೆ ರೈಲಿನಲ್ಲಿ ನಿಂತೇ ಹೋಗಿಬಂದು ಬಿ.ಎಸ್ಸಿ. ಮುಗಿಸಿದವಳು ನಾನು, ನಮ್ಮ ಮನೆತನದಲ್ಲೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ. ಬರೀ ತೂತಿನಿಂದ ಹೊರಬಿದ್ದ ನೀರು ಕೂಡಲೇ ಸಪೂರಾಗುತ್ತದೆ, ತೂತಿನಷ್ಟು ದಪ್ಪ ಇರುವುದಿಲ್ಲ. ಅದೇ ಅಗಲದ ಗಿಡ್ಡ ಪೈಪು ಹಚ್ಚಿದರೆ ಪೈಪು ತುಂಬಿ ಹರಿಯುತ್ತದೆ, ಒಳಗಿನ ನೀರನ್ನು ಇನ್ನಷ್ಟು ಎಳೆಯುತ್ತದೆ. ಪೈಪು ಬಹಳ ಉದ್ದವಾದರೆ ಒಳಮೈಗೆ ಉಜ್ಜಿ ಉಜ್ಜಿಯೇ ಆ ಲಾಭ ಹೋಗಿಬಿಡುತ್ತದೆ. ಬೆರಳುದ್ದದ ತುಂಡು ಕೊಯ್ದು, ತುದಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಅವ್ವನ ಪಾಳಿಯಲ್ಲಿ ತೂತಿಗೆ ಒತ್ತಿ ಹಿಡಿದೆ. ಧಾರೆ ದಪ್ಪಾಯಿತು.

ಖಾಲಾ ಎದ್ದು ಬಂದರು. "ಏನ್ ಮಾಡಾಕತ್ತಿ ಬೇಟಿ? ನಿನ್ನ ತುಂಡು ನೀರು ಎಳ್ಯಾಕತ್ತದ. ಪಾಳಿ ಎಲ್ಲರಿಗೂ ಒಂದೇ."

"ಹೊತ್ತು ಒಂದೇ ಅದ ಖಾಲಾ, ನೀರು ಒಂದೇ ಇಲ್ಲ. ನಿಮ್ಮ ಪಾಳಿಗಿ ಟಾಕಿ ತುಂಬಿರ್ತದ, ಒತ್ತಡ ಭಾಳ. ನಮ್ಮದು ಬರೋದ್ರಾಗ ಟಾಕಿ ಇಳದಿರ್ತದ, ಒತ್ತಡ ಎಲ್ಲಿಂದ ಬರ್ಬೇಕ್ರಿ?"

"ಡಿಗ್ರಿ ಓದಿ ನಳದ ವಕೀಲಕಿ ಆಗೀದಿ." ಅಲ್ಲಿದ್ದವರು ನಕ್ಕರು. ನಾನು ಪೈಪು ಬಿಡಲಿಲ್ಲ. ಖಾಲಾ ಅವ್ವನ ಕಡೆ ತಿರುಗಿದರು. "ಇಷ್ಟು ದಿನ ನೀ ಯಾಕ ಬಾಯಿ ಬಿಡಲಿಲ್ಲ ಅಕ್ಕ?"

"ಪಾಳಿ ಸಿಕ್ಕಿತ್ತಲ್ಲ," ಅವ್ವ ಅಂದಳು. "ಮತ್ತೇನಂತ ಕೇಳ್ಲಿ?"

ಅಲಾರಾಂ ಹೊಡೆಯಿತು. ಕೊಡ ಕಂಠದವರೆಗೆ ಬಂದಿತ್ತು, ತುಂಬಿರಲಿಲ್ಲ. ಅವ್ವ ರೂಢಿಯಂತೆ ಬಗ್ಗಿ ಕೊಡಕ್ಕೆ ಕೈ ಹಾಕಿದಳು. ಖಾಲಾ ಮೊಬೈಲನ್ನು ಸೆರಗಿನೊಳಗೆ ಅದುಮಿ ಸದ್ದು ಅಡಗಿಸಿದರು.

"ತುಂಬ್ಲಿ ಬಿಡು," ಎಂದರು. ಆಮೇಲೆ ನನ್ನತ್ತ ಕೈ ಚಾಚಿದರು. "ಮುಂದಿನ ಟ್ಯಾಂಕರಿಗಿ ಮೊದಲ ಪಾಳಿ ನಿಮ್ಮವ್ವಂದು, ಕಡೀದು ನಂದು. ಆ ತುಂಡು ನನ್ನ ಹಂತ್ಯಾಕ ಇರ್ಲಿ."