ನಮ್ಮ ಆಫೀಸಿನ ಚಿಪ್ಪಣ್ಣ

ನಮ್ಮ ಆಫೀಸಿನಲ್ಲಿ ಬಾಗಿಲು ತೆರೆಯುವ ಎಲೆಕ್ಟ್ರಾನಿಕ್ ಚಿಪ್ಪನ್ನು ಕೈಯೊಳಗೆ ಕೂರಿಸಿಕೊಂಡವರಲ್ಲಿ ಮೊದಲಿಗರು ಕಡತ ವಿಭಾಗದ ಹಿರಿಯ ಗುಮಾಸ್ತರು. ಅಂದಿನಿಂದ ಅವರಿಗೆ ಚಿಪ್ಪಣ್ಣ ಎಂದೇ ಹೆಸರು. ಹೆಬ್ಬೆರಳು ತೋರುಬೆರಳುಗಳ ನಡುವೆ, ಚರ್ಮದಡಿ, ಅಕ್ಕಿಕಾಳಿನಷ್ಟು ಗಂಟು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ "ಮುಟ್ಟಿ ನೋಡಿ, ಹೆದರ್ಬೇಡಿ" ಎಂದು ಕೈ ಚಾಚುವರು. ಬಾಗಿಲ ಪಕ್ಕದ ಪೆಟ್ಟಿಗೆಗೆ ಆಶೀರ್ವಾದ ಮಾಡುವವರಂತೆ ಕೈ ತೋರಿಸಿ, ಅದು ಕೀ ಎಂದೊಡನೆ ಹಿಂದೆ ನಿಂತವರತ್ತ ತಿರುಗಿ "ನೋಡಿದ್ರಾ?" ಎನ್ನುವರು. "ಇಪ್ಪತ್ತೆಂಟು ವರ್ಷ ದುಡಿದಿದ್ದಕ್ಕೆ ಕಡೆಗೂ ನಿಮ್ಮ ಕೈಗೆ ಚಿಪ್ಪು ಕೊಟ್ರಲ್ಲ!" ಎಂದು ಹೆಂಡತಿ ನಕ್ಕಿದ್ದನ್ನೂ ಹೆಮ್ಮೆಯಿಂದಲೇ ಹೇಳಿಕೊಂಡರು. ಅಳುಕುತ್ತಿದ್ದ ನಮ್ಮನ್ನೆಲ್ಲ "ಇರುವೆ ಕಚ್ಚಿದ ಹಾಗೆ ಅಷ್ಟೇ ಕಣ್ರೀ" ಎಂದು ಒಬ್ಬೊಬ್ಬರನ್ನಾಗಿ ಒಪ್ಪಿಸಿ ಸೂಜಿಗೆ ಕೈ ಕೊಡಿಸಿದವರೂ ಅವರೇ. ನಲವತ್ತು ಜನಕ್ಕೂ ಚಿಪ್ಪು ಬಿದ್ದ ವಾರವೇ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದಲ್ಲ ಎಂದು, ಅಲ್ಲಿ ಕೂರುತ್ತಿದ್ದ ವಯಸ್ಸಾದ ವಾಚ್‌ಮನ್‌ಗೆ ಮೇಲಿನವರು "ನಾಳೆಯಿಂದ ಬರಬೇಡಿ" ಎಂದುಬಿಟ್ಟರು. ಅಂದಿನಿಂದ ಚಿಪ್ಪಣ್ಣ ಲಿಫ್ಟಿನಲ್ಲಿ ಯಾರಿಗೂ ಕೈ ಚಾಚಲಿಲ್ಲ. ಭಾನುವಾರ ನನ್ನನ್ನೂ ಕರೆದುಕೊಂಡು ವಾಚ್‌ಮನ್ ಮನೆಗೆ ಹೊರಟರು; "ನನ್ನಿಂದ ತಪ್ಪಾಯ್ತು" ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲೇ ಹೊರಳಿಸಿಕೊಂಡು ಬಂದರು. ಕದ ತೆರೆದ ವಾಚ್‌ಮನ್ ಚಿಪ್ಪಣ್ಣನವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಚುಚ್ಚಿದ ಜಾಗವನ್ನು ಮೆಲ್ಲಗೆ ಸವರಿ, "ಈಗ ನೋವಿಲ್ಲ ತಾನೇ, ಸಾರ್?" ಎಂದು ಕೇಳಿದರು. ಚಿಪ್ಪಣ್ಣ ಕೈ ಬಿಡಿಸಿಕೊಳ್ಳಲಿಲ್ಲ. ಹೊಸ್ತಿಲಾಚೆಯೇ ತಲೆತಗ್ಗಿಸಿ ನಿಂತು, "ಇದೆ ಅಣ್ಣಾ" ಎಂದರು.